ಚನ್ನವ್ವನ ಗಿರಣಿಗೆ ಹೆಸರಿಟ್ಟದ್ದು

ಮನಗೂಳಿಯ ಶ್ರೀಶೈಲಪ್ಪ ಕುಸುಬಿಯ ಕಾಳೊಂದನ್ನು ಹಲ್ಲಲ್ಲಿ ಕಚ್ಚಿ, ಅದರಲ್ಲಿ ಎಣ್ಣೆ ಎಷ್ಟಿದೆ ಎಂದು ಹೇಳಿಬಿಡುತ್ತಿದ್ದ. ಆದರೆ ಎದುರಿಗಿನ ಮನುಷ್ಯನಿಗೆ 'ಇಲ್ಲ' ಎನ್ನಲು ಅವನಿಗೆ ಬರುತ್ತಿರಲಿಲ್ಲ. ಅದರಲ್ಲೂ ಅಕ್ಕ ರುಕ್ಮವ್ವನಿಗೆ ಅವನು ಇಲ್ಲ ಎಂದದ್ದನ್ನು ಊರಲ್ಲಿ ಯಾರೂ ಕೇಳಿಲ್ಲ. ಹೇಗೆ ಅಂದಾನು? ಅವ್ವ ಚನ್ನವ್ವ ತೀರಿಕೊಂಡಾಗ ಇವನಿನ್ನೂ ಅಂಬೆಗಾಲಿಡುತ್ತಿದ್ದ. ಇನ್ನೂ ಪರಕಾರ ಉಡುವ ಹುಡುಗಿಯಾಗಿದ್ದ ರುಕ್ಮವ್ವನೇ ಇವನನ್ನು ಸೊಂಟದ ಮೇಲೆ ಹೊತ್ತು, ಉಣಿಸಿ, ಬೇಕಾದಾಗ ಬಾರಿಸಿ, ದೊಡ್ಡವನನ್ನಾಗಿ ಮಾಡಿದಳು.

ಮುಂದೆ ಅವಳು ಸಿಂದಗಿಗೆ ಸೊಸೆಯಾಗಿ ಹೋದಳು. ಹೋದರೇನು, ಮನಗೂಳಿಯ ಓಣಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಬಸ್ಸು ಹತ್ತಿ ಬಂದುಬಿಡುತ್ತಿದ್ದಳು. ನಮ್ಮ ಕಡೆ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ಅವಳು ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಉಸುರಬೇಕು, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಉಳಿದವರು ಶಾಸ್ತ್ರಕ್ಕೆ ಕೈ ತಾಗಿಸಿದರೆ ರುಕ್ಮವ್ವ ಖಾರ ಕುಟ್ಟುವಂತೆ ಗುದ್ದುತ್ತಿದ್ದಳು. ಪೆಟ್ಟು ತಿಂದವರೆಲ್ಲ ಇವಳ ಬೆನ್ನು ಬಗ್ಗುವ ದಿನಕ್ಕೆ ಕಾಯುತ್ತಿದ್ದರು. ಆ ದಿನ ಬರಲೇ ಇಲ್ಲ. ಶ್ರೀಶೈಲಪ್ಪನಿಗೂ ಅವನ ಹೆಂಡತಿ ಸಾವಿತ್ರವ್ವನಿಗೂ ಮಕ್ಕಳಾಗಲಿಲ್ಲ. ರುಕ್ಮವ್ವ ಒಂದು ದಿನವೂ ಅದನ್ನು ಆಡಿ ತೋರಿಸಿದವಳಲ್ಲ. ಆದರೂ ನಾದಿನಿ ಬಂದಾಗಲೆಲ್ಲ ಸಾವಿತ್ರವ್ವ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ.

ಹೀಗಿರುವಾಗ, ಅರವತ್ತೊಂದನೆಯ ಇಸವಿಯ ಸುಗ್ಗಿ ಮುಗಿದ ಮೇಲೆ, ಶ್ರೀಶೈಲಪ್ಪನೂ ಅವನ ಹಳೆಯ ಗೆಳೆಯ ಗುಡುಸಾಬನೂ ಕೂಡಿ ಕುಸುಬಿ ಎಣ್ಣೆಯ ಗಿರಣಿ ಹಾಕುವುದೆಂದು ಗೊತ್ತುಮಾಡಿದರು. ಗುಡುಸಾಬ ಎಣ್ಣೆ ವ್ಯಾಪಾರದಲ್ಲಿ ಪಳಗಿದವ, ವಯಸ್ಸಿನಲ್ಲಿ ತುಸು ಹಿರಿಯ. ಶ್ರೀಶೈಲಪ್ಪ ಅವನನ್ನು ಮಾಮಾ ಎಂದೇ ಕರೆಯುತ್ತಿದ್ದ. ಬಿಜಾಪುರದ ಬಸಂತರಾಯ ವಕೀಲರು, ಈಗ ಕಾಲ ಬದಲಾಗಿದೆ, ಮಾಡುವುದಾದರೆ ಪ್ರೈವೇಟ್ ಲಿಮಿಟೆಡ್ ಕಂಪನಿಯನ್ನೇ ಮಾಡಿರಿ ಎಂದರು. ಇಬ್ಬರಿಗೂ ಅದರ ಅರ್ಥ ತಿಳಿಯಲಿಲ್ಲ, ಆದರೆ ಹೇಳಲಿಕ್ಕೆ ಘನವಾಗಿತ್ತು. ಅದಕ್ಕೇ ಒಪ್ಪಿದರು.

ಸುದ್ದಿ ಸಿಂದಗಿಗೆ ಮುಟ್ಟಿತು. ಮರುದಿನದ ಬಸ್ಸಿಗೇ ರುಕ್ಮವ್ವ ಇಳಿದಳು. ಚಪ್ಪಲಿ ಬಿಡುವ ಮೊದಲೇ ಹೇಳಿದಳು:

"ಗಿರಣಿ ಅಂದ್ರ ನನ್ನ ತಮ್ಮನ ಚೊಚ್ಚಲ ಕೂಸು. ಅದಕ್ಕ ಹೆಸರು ನಾ ಇಡಾಕಿ. ನಮ್ಮವ್ವನ ಹೆಸರು."

ಇಂಜಿನ್ನು ಇನ್ನೂ ಸೊಲ್ಲಾಪುರದಲ್ಲಿತ್ತು, ಗಿರಣಿಯ ಜಾಗದಲ್ಲಿ ಇನ್ನೂ ಎಮ್ಮೆ ಕಟ್ಟುತ್ತಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗಾಯಿತು ಎಂದು ಗುಡುಸಾಬ ನಕ್ಕ. ಶ್ರೀಶೈಲಪ್ಪ ನಗಲಿಲ್ಲ. ಅಕ್ಕ ಇಷ್ಟು ವರ್ಷಗಳಲ್ಲಿ ತನಗಾಗಿ ಬೇಡಿದ್ದು ಇದೊಂದೇ ಎಂಬುದು ಅವನ ಎದೆಗೆ ನಾಟಿತ್ತು. ಆಗಲಿ ಅಕ್ಕಾ ಎಂದುಬಿಟ್ಟ.

'ಚನ್ನವ್ವ ಆಯಿಲ್ ಮಿಲ್ಸ್' ಎಂಬ ಹೆಸರು ಖಾಲಿ ಇದೆಯೇ ಎಂದು ವಕೀಲರು ಬೆಂಗಳೂರಿನ ಕಂಪನಿ ರಿಜಿಸ್ಟ್ರಾರರಿಗೆ ಬರೆದರು. ಬಹಳ ದಿನಗಳ ಮೇಲೆ ಉತ್ತರ ಬಂತು: ಇಲ್ಲ, ಆ ಹೆಸರಿನ ಕಂಪನಿ ಮೊದಲೇ ನೋಂದಣಿಯಾಗಿದೆ. ವಕೀಲರ ಪರಿಚಯದವರೊಬ್ಬರು ಅಲ್ಲಿಯ ಕಚೇರಿಯಲ್ಲಿ ಫೀ ಕಟ್ಟಿ, ದಫ್ತರ ತೆಗೆಸಿ ನೋಡಿದರು. ಕಂಪನಿ ಬೇರೆಲ್ಲೂ ಅಲ್ಲ, ನಮ್ಮ ಮುದ್ದೇಬಿಹಾಳದ್ದೇ.

ಶ್ರೀಶೈಲಪ್ಪನಿಗೆ ಇದರಲ್ಲಿ ತೊಡಕೇನೂ ಕಾಣಲಿಲ್ಲ. ಹಿರಿಯರ ಹೆಸರನ್ನು ನಮ್ಮ ಮನೆಯ ಕೂಸಿಗೆ ಇಡುತ್ತೇವೆ ಎಂದರೆ ಯಾವ ಹಿರಿಯರು ಬೇಡ ಎನ್ನುತ್ತಾರೆ? ಆಯೇರಿ ಒಯ್ದು, ಕಾಲಿಗೆ ಬಿದ್ದು ಕೇಳಿದರೆ ಆಯಿತು. ಕಾಯ್ದೆಯಲ್ಲಿ ಸೀರೆ-ಕುಬಸಕ್ಕೆ ಜಾಗವಿಲ್ಲ ಎಂದು ವಕೀಲರು ತಲೆ ಚಚ್ಚಿಕೊಂಡರು. ವಕೀಲರಿಗೆ ಊರಿನ ರೀತಿ ಮರೆತುಹೋಗಿದೆ ಎಂದುಕೊಂಡು ಇವನು ಎದ್ದು ಬಂದ. ಅಕ್ಕನಿಗೆ ಒಂದು ಮಾತೂ ಹೇಳದೆ, ಇಳಕಲ್ಲ ಸೀರೆ, ಕುಬಸದ ಖಣ, ತೆಂಗಿನಕಾಯಿ, ಎಲೆ-ಅಡಿಕೆ ಕಟ್ಟಿಕೊಂಡು, ಗುಡುಸಾಬನನ್ನು ಎಬ್ಬಿಸಿಕೊಂಡು, ಬಾಗೇವಾಡಿಯ ಮೇಲಿಂದ ಮುದ್ದೇಬಿಹಾಳದ ಬಸ್ಸು ಹಿಡಿದ.

ಅಲ್ಲಿ ಕಂಪನಿ ಎಲ್ಲಿದೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಕಡೆಗೆ ಒಂದು ಹಿತ್ತಲಲ್ಲಿ ಸಿಕ್ಕಿತು. 'ಚನ್ನವ್ವ ಆಯಿಲ್ ಮಿಲ್ಸ್ ಪ್ರೈವೇಟ್ ಲಿಮಿಟೆಡ್' ಎಂಬ ತಗಡಿನ ಬೋರ್ಡು ಆಡಿನ ದೊಡ್ಡಿಗೆ ಬಾಗಿಲಾಗಿ ನಿಂತಿತ್ತು. ಒಳಗೆ ಆಡುಗಳು ತೊಪ್ಪಲು ಮೇಯುತ್ತಿದ್ದವು. ಇವರೇ ಡೈರೆಕ್ಟರುಗಳಿರಬೇಕು, ನಮಸ್ಕಾರ ಮಾಡು ಎಂದು ಗುಡುಸಾಬ ಶ್ರೀಶೈಲಪ್ಪನ ಪಕ್ಕೆ ತಿವಿದ.

ಮನೆಯಲ್ಲಿದ್ದವಳು ಸಾಕ್ಷಾತ್ ಚನ್ನವ್ವನೇ, ಬೊಚ್ಚುಬಾಯಿಯ ಮುದುಕಿ. ಮಗ ಹುರುಪಿನಿಂದ ತಾಯಿಯ ಹೆಸರಲ್ಲಿ ಕಂಪನಿ ಮಾಡಿ, ಬೋರ್ಡು ಬರೆಸಿ, ಗಿರಣಿ ಹಾಕದೆ ಸೊಲ್ಲಾಪುರಕ್ಕೆ ಹೋಗಿ ಅಲ್ಲೇ ಅರಿವೆಯ ಅಂಗಡಿ ಇಟ್ಟಿದ್ದ. ಶ್ರೀಶೈಲಪ್ಪ ಸೀರೆ ಮುಂದಿಟ್ಟು, ಅಡ್ಡಬಿದ್ದು, ಬಂದ ಕಾರಣ ಹೇಳಿದ. ಮುದುಕಿ ಸೀರೆಯ ಸೆರಗನ್ನು ಬಿಡಿಸಿ ಬಿಡಿಸಿ ನೋಡಿದಳು.

"ನನ್ನ ಹೆಸರ ಮ್ಯಾಲ ಆಡು ಮೈ ತಿಕ್ಕಾಕತ್ತಾವು. ಒಯ್ಯಪಾ, ಚಲೋತ್ನಂಗ ಇಟ್ಕೋ. ನನಗೂ ತೊಟ್ಟಿಲಕ್ಕ ಕರಿ," ಎಂದಳು.

ಅಷ್ಟಕ್ಕೇ ಬಿಡದೆ, ಹೆಸರು ಕೊಟ್ಟಿದ್ದೇನೆ ಎಂದು ಕಾಗದ ಬರೆಸಿ ಹೆಬ್ಬೆಟ್ಟನ್ನೂ ಒತ್ತಿದಳು. ವಕೀಲರು ಹಣೆ ಗಟ್ಟಿಸಿಕೊಳ್ಳುತ್ತಲೇ ಅದನ್ನು ಬೆಂಗಳೂರಿಗೆ ಕಳಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ? ಆ ಕಂಪನಿಯನ್ನು ಕಾಯ್ದೆಯ ಪ್ರಕಾರ ಮುಚ್ಚುವವರೆಗೆ ಹೆಸರು ಅದರದೇ, ಯಾರ ಹೆಬ್ಬೆಟ್ಟಿನಿಂದಲೂ ಅದು ಕೈ ಬದಲಾಯಿಸುವುದಿಲ್ಲ ಎಂದು ಉತ್ತರ ಬಂತು.

ಇಂಜಿನ್ನು ಬಂದಿಳಿದಿತ್ತು. ಶ್ರೀಶೈಲಪ್ಪನಿಗೆ ಅನ್ನ ಸೇರದಾಯಿತು. ಇನ್ನು ಅಡಗಿಸಿ ಫಲವಿಲ್ಲವೆಂದು ಸಿಂದಗಿಗೆ ಹೋದ. ಹೋದವನು ಒಳಗೆ ಕಾಲಿಡಲಾರದೆ ಕಟ್ಟೆಯ ಮೇಲೇ ಕುಳಿತ. ರುಕ್ಮವ್ವ ಹೊರಗೆ ಬಂದು, ಯಾರಾದರೂ ಸತ್ತರೇನು ಎಂದು ಗಾಬರಿಯಿಂದ ಕೇಳಿದಳು. ಅವನು ಆಡಿನ ದೊಡ್ಡಿಯಿಂದ ಹೆಬ್ಬೆಟ್ಟಿನವರೆಗೆ ಎಲ್ಲವನ್ನೂ ಹೇಳಿ, ನಿನ್ನದೊಂದು ಆಸೆ ನಡೆಸಲು ನನ್ನಿಂದಾಗಲಿಲ್ಲ ಅಕ್ಕಾ ಎಂದು ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡ.

ರುಕ್ಮವ್ವ ಅವನ ತಲೆಗೊಂದು ಮೊಟಕಿದಳು.

"ಹುಚ್ಚಪ್ಪಾ, ಊರಾಗಿನ ಹುಡುಗೂರಿಗೆಲ್ಲಾ ತೊಟ್ಟಿಲ ಹೆಸರು ಬ್ಯಾರೆ, ಮಾಸ್ತರು ಬರಕೊಳ್ಳೋ ಸಾಲಿ ಹೆಸರು ಬ್ಯಾರೆ. ಸರಕಾರಕ್ಕ ಸಾಲಿ ಹೆಸರು ಕೊಟ್ಟು ಕಳಸು. ತೊಟ್ಟಿಲಂತೂ ನಂದು."

ಇಷ್ಟು ಸುಲಭದ ಮಾತು ಯಾರಿಗೂ ಹೊಳೆದಿರಲಿಲ್ಲ! ಸಾಲಿ ಹೆಸರನ್ನು ಆರಿಸುವ ಕೆಲಸ ವಕೀಲರಿಗೇ ಬಿತ್ತು. ಯಾವ ದೇವರ ಹೆಸರು ಹಿಡಿದರೂ ಮೊದಲೇ ಒಬ್ಬರು ಹಿಡಿದಿರುತ್ತಿದ್ದರು. ಕಡೆಗೆ ಅವರು 'ನಾರ್ದರ್ನ್ ಮನಗೂಳಿ ವೆಜಿಟೆಬಲ್ ಆಯಿಲ್ ಪ್ರಾಡಕ್ಟ್ಸ್ ಪ್ರೈವೇಟ್ ಲಿಮಿಟೆಡ್' ಎಂದು ಬರೆದು ಕಳಿಸಿದರು. ಮನಗೂಳಿ ಇರುವುದೇ ಒಂದು, ಅದರಲ್ಲಿ ಉತ್ತರ ಯಾವುದು ಎಂದು ಗುಡುಸಾಬ ಕೇಳಿದ. ಇದು ಜಗತ್ತಿನಲ್ಲಿ ಇನ್ನಾರಿಗೂ ಹೊಳೆಯದ ಹೆಸರು, ಸುಮ್ಮನಿರಿ ಎಂದರು ವಕೀಲರು. ಅವರ ಮಾತು ನಿಜವಾಯಿತು. ಹೆಸರು ಖಾಲಿ ಇದೆ ಎಂದು ಬೆಂಗಳೂರಿನಿಂದ ಒಪ್ಪಿಗೆ ಬಂತು. ಮುಂದೆ ಆ ಹೆಸರಿಗೆ ಬಂದ ಟಪಾಲುಗಳು, ಅಂಥವರು ಈ ಊರಲ್ಲಿಲ್ಲ ಎಂದು ಎಷ್ಟೋ ಸಲ ತಿರುಗಿ ಹೋದವು.

ಗಿರಣಿ ಸುರುವಾಗುವ ದಿನ ಇಂಜಿನ್ನಿಗೆ ಅರಿಷಿಣ-ಕುಂಕುಮ ಹಚ್ಚಿ, ತಗಡಿನ ಚಪ್ಪರಕ್ಕೆ ತೊಟ್ಟಿಲು ಕಟ್ಟಿ, ಅದರಲ್ಲಿ ಒಂದು ಸೇರು ಕುಸುಬಿಯನ್ನು ಮಲಗಿಸಿದರು. ಹಳೆಯ ಬೆನ್ನುನೋವನ್ನು ಮರೆಯದ ಹೆಂಗಸರೆಲ್ಲ ಸೆರಗು ಬಿಗಿದು ಮುಂದೆ ನಿಂತರು. ಹೊಸ ಇಳಕಲ್ಲ ಸೀರೆಯುಟ್ಟು ಮುದ್ದೇಬಿಹಾಳದ ಮುದುಕಿಯೂ ಬಂದಿದ್ದಳು. ಇಂಜಿನ್ನಿನ ಕಿವಿ ಯಾವುದು ಎಂಬ ಜಗಳ ಹುಟ್ಟಿತು. ಹೊಗೆ ಬಿಡುವ ಕೊಳವೆ ಕಿವಿಯಲ್ಲ, ಕಾಳು ಸುರಿಯುವ ತಗಡು ಬಾಯಿ ಎಂದು ಗುಡುಸಾಬ ಪಂಚಾಯ್ತಿ ಮಾಡುತ್ತಿದ್ದ. ರುಕ್ಮವ್ವ ಯಾರ ಮಾತಿಗೂ ಕಾಯದೆ ತೊಟ್ಟಿಲಿನ ಕುಸುಬಿಗೇ ಬಗ್ಗಿ 'ಕುರ್ರ್, ಚನ್ನವ್ವ' ಎಂದಳು.

ಬೆನ್ನು ಬಗ್ಗಿಯೇ ಇತ್ತು. ಹೆಂಗಸರು ಕೈ ಎತ್ತಿದರು.

"ತಡೀರಿ," ಎಂದಳು ರುಕ್ಮವ್ವ, ಬಗ್ಗಿದಲ್ಲಿಂದಲೇ. "ಸಾವಿತ್ರೀ, ಎಲ್ಲಿದ್ದೀ? ಬಾ ಇಲ್ಲಿ. ಮೊದಲನೇ ಗುದ್ದು ಕೂಸಿನ ತಾಯಿದು."

ಗೋಡೆಯ ಮೂಲೆಯಲ್ಲಿ ಸಕ್ಕರೆಯ ತಾಟು ಹಿಡಿದು ನಿಂತಿದ್ದ ಸಾವಿತ್ರವ್ವ ಗಂಡನ ಮುಖ ನೋಡಿದಳು. ಶ್ರೀಶೈಲಪ್ಪ ಮುಂದೆ ಬಂದು ಅವಳ ತಾಟನ್ನು ತನ್ನ ಕೈಗೆ ತೆಗೆದುಕೊಂಡ. ಅವಳು ಜನರ ನಡುವೆ ಬಂದಳು, ಹೂ ಮುಟ್ಟಿದ ಹಾಗೆ ನಾದಿನಿಯ ಬೆನ್ನು ಮುಟ್ಟಿದಳು.

"ಇದೇನ ಗುದ್ದು? ಜೋರಲೇ ಗುದ್ದವಾ," ಎಂದಳು ರುಕ್ಮವ್ವ.

ಆಗ ಸಾವಿತ್ರವ್ವ ಕಣ್ಣು ಮುಚ್ಚಿ ಗುದ್ದಿದಳು ನೋಡಿ, ರುಕ್ಮವ್ವನ ಹಣೆ ತೊಟ್ಟಿಲಿಗೆ ಬಡಿದು, ಕುಸುಬಿಯೆಲ್ಲ ಚೆಲ್ಲಿ ನೆಲಕ್ಕೆ ಬಿತ್ತು.