ಶುಕ್ರವಾರ ಸಂಜೆ ತಟ್ಟಿದ ಬಾಗಿಲು

ನನ್ನ ಎದೆಯುರಿಗೆ ಒಳ್ಳೆಯದೆಂದು ಹೆಂಡತಿ ಒಂದು ಹಿಡಿ ಒಣದ್ರಾಕ್ಷಿ ನೆನೆಹಾಕಿದ್ದಾಳೆ. ಚಿಂತೆಯಿಂದ ಬಂದ ಎದೆಯುರಿಗೆ ದ್ರಾಕ್ಷಿ ಏನು ಮಾಡೀತು, ಬಿಡಿ. ಆದರೆ ಆ ಹುಳಿಸಿಹಿ ವಾಸನೆಗೆ, ಮಲೇಷ್ಯಾದ ಮೆಲಾಕಾ ಊರಿನ ಈ ಮಹಡಿಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಎಸ್ತರ್ ಡಾಕ್ಟ್ರು ನೆನಪಾದರು.

ಮುಂಬೈಯ ಯಹೂದಿ ಮನೆತನದವರು. ಮಣಿಪಾಲದಲ್ಲಿ ಓದಿ ಅಲ್ಲಿನ ಕನ್ನಡವನ್ನು ಸೆರಗಿಗೆ ಕಟ್ಟಿಕೊಂಡು ಬಂದಿದ್ದರು. ನನ್ನ ಹೆಂಡತಿ ಪಾಠ ಹೇಳುವ ಮೆಡಿಕಲ್ ಕಾಲೇಜಿನಲ್ಲೇ ಅವರೂ ಇದ್ದದ್ದು. ಶುಕ್ರವಾರ ಹೊತ್ತು ಮುಳುಗುವ ಮೊದಲು ಎರಡು ದೀಪ ಹಚ್ಚಿ, ದ್ರಾಕ್ಷಾರಸದ ಬದಲು ಒಣದ್ರಾಕ್ಷಿ ಕಿವುಚಿ ಸೋಸಿದ ನೀರಿನ ಮೇಲೆ ಪ್ರಾರ್ಥನೆ ಹೇಳುತ್ತಿದ್ದರು. ಶನಿವಾರ ನಕ್ಷತ್ರ ಕಾಣುವವರೆಗೆ ಸಬ್ಬತ್, ಅವರ ವಾರದ ವಿಶ್ರಾಂತಿಯ ಹೊತ್ತು; ಫೋನು ಬೀರುವಿನಲ್ಲಿ. ನಾನೋ, ಸೈಬರ್‌ಜಯಾದ ಕಂಪನಿಯೊಂದರ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದಂತೆ ಕಾಯುವವನು. ಚಿಂತೆ ಮಾಡುವುದಕ್ಕೇ ನನಗೆ ಸಂಬಳ. ಇಸ್ರೇಲಿನ ಹೆಸರೆತ್ತಿದರೆ ಜನ ಸಿಡಿಯುವ ದೇಶ ಇದು, ಯಾರ ಕಣ್ಣಿಗೆ ಬಿದ್ದು ಏನಾದೀತೋ ಎಂದು ಅವರ ಮನೆಯ ಪರದೆ ಎಳೆದು ಬರುತ್ತಿದ್ದೆ.

"ಬಿಡು ಮಾರಾಯ, ನನ್ನ ಸೀರೆ ನೋಡಿ ಜನ ದೀಪಾವಳಿ ಅಂತ ತಿಳ್ಕೊಳ್ತಾರೆ" ಎಂದು ನಗುತ್ತಿದ್ದರು.

ಅವರ ತಂಗಿಯ ಮೊಮ್ಮಗ ಇಸ್ರೇಲಿನ ಗಡಿಯಲ್ಲಿ ಸೈನಿಕ. ಒಂದು ಶುಕ್ರವಾರ, ಅವರ ಫೋನು ಬೀರು ಸೇರಿದ ಮೇಲೆ, ಅದೇ ಗಡಿಯಲ್ಲಿ ದಾಳಿಯಾಗಿ ಸೈನಿಕರು ಸತ್ತರೆಂದು ನನ್ನ ಫೋನು ಹೇಳಿತು. ತಡೆದುಕೊಳ್ಳಲಾಗದೆ ಹೋಗಿ ಬಾಗಿಲು ತಟ್ಟಿದೆ.

"ನಮ್ಮ ಹುಡುಗನ ಹೆಸರು ಉಂಟಾ ಅದ್ರಲ್ಲಿ?" ಎಂದು ಕೇಳಿದರು.

"ಯಾರ ಹೆಸರೂ ಇಲ್ಲ, ಡಾಕ್ಟ್ರೇ."

"ಹಾಗಾದ್ರೆ ನೀನು ತಂದದ್ದು ಸುದ್ದಿ ಅಲ್ಲ, ಹೆದರಿಕೆ. ಬಂದದ್ದು ಬಂದೆ, ಕೂತ್ಕೋ. ಊಟ ಆಯ್ತಾ?"

ಮಾತು ಗಟ್ಟಿಯಾಗಿತ್ತು. ನನಗೆಂದು ತಂದ ತಟ್ಟೆಗೆ ಬಡಿಸುವುದನ್ನು ಮಾತ್ರ ಮರೆತರು. ಪೆಚ್ಚಾದವನು ಸುಮ್ಮನಿರಬಹುದಿತ್ತು, "ದೇವರೇ ಕಾಯೋದಾದ್ರೆ ಸೈನ್ಯ ಯಾಕೆ?" ಎಂದುಬಿಟ್ಟೆ.

ಅವರು ಕೋಪಿಸಿಕೊಳ್ಳಲಿಲ್ಲ. ದೇವರು ಕಾಯದ ಊರಿನಲ್ಲಿ ಕಾವಲುಗಾರನ ಎಚ್ಚರ ವ್ಯರ್ಥವೆಂಬ ಮಾತು ಅವರ ಧರ್ಮಗ್ರಂಥದಲ್ಲಿದೆಯಂತೆ. "ವ್ಯರ್ಥ ಅಂತ ಉಂಟು, ಮಲಗು ಅಂತ ಇಲ್ಲ. ಅವ ನಿಲ್ಲಬೇಕು. ಅವ ನಿಲ್ಲುದೇ ಬೇಡ ಅನ್ನುವ ದಿನ ಬರ್ಲಿ ಅಂತ ನಾನು ಬೇಡ್ಬೇಕು. ಬೇಲಿಯ ಆಚೆಯ ಹುಡುಗನಿಗೂ ಒಬ್ಬಳು ಅಜ್ಜಿ ಇರ್ತಾಳಲ್ಲ, ಅವಳನ್ನು ಬಿಟ್ಟು ಬೇಡಿದ್ರೆ ಅದು ಅರ್ಧ ಪ್ರಾರ್ಥನೆ."

ಮರುದಿನ ಮುಸ್ಸಂಜೆ ಬಾಲ್ಕನಿಯಲ್ಲಿ ನಿಂತು ಮೋಡದ ಸಂದಿಯಲ್ಲಿ ನಕ್ಷತ್ರ ಹುಡುಕಿದೆವು. ಕೊನೆಗೂ ಫೋನು ಹೊರಬಂತು. ನನ್ನ ಒತ್ತಾಯಕ್ಕೆ ಇಸ್ರೇಲಿನಲ್ಲಿರುವ ತಂಗಿಗೆ ಕರೆ ಮಾಡಿದರು. ತಂಗಿ ಎತ್ತಲಿಲ್ಲ. ಇನ್ನೊಮ್ಮೆ ಮಾಡಿ ಎಂದೆ.

"ಅಲ್ಲಿ ಇನ್ನೂ ಮಧ್ಯಾಹ್ನ ಮಾರಾಯ. ಅವ್ರ ಸಬ್ಬತ್ ಮುಗಿಲಿಲ್ಲ" ಎಂದರು.

ಲೋಕದ ಚಿಂತೆಯನ್ನೆಲ್ಲ ಹೊತ್ತವನಿಗೆ ಇದೊಂದು ಹೊಳೆದಿರಲಿಲ್ಲ ನೋಡಿ. ನನ್ನನ್ನು ಮನೆಗೆ ಅಟ್ಟಿ, ಅವರೊಬ್ಬರೇ ಕಾದರು.

ಭಾನುವಾರ ಬೆಳಿಗ್ಗೆ ಬಂದು ನಮ್ಮ ಕುರ್ಚಿಯಲ್ಲಿ ಕುಸಿದು ಕೂತರು. "ಅವ ಇದ್ದಾನೆ" ಎಂದರು. ಹೆಂಡತಿ ಚಹಾ ತಂದಿಟ್ಟಳು. ಅದು ಆರುವಷ್ಟು ಹೊತ್ತಾದ ಮೇಲೆ, "ಅವನ ಪಕ್ಕದಲ್ಲಿ ನಿಂತಿದ್ದವ ಇಲ್ಲ" ಎಂದರು. ಆಗ ಅತ್ತರು. ದೇವರಿಗೆ ಕೃತಜ್ಞತೆ ಹೇಳಿದ್ದೂ ಆ ಅಳುವಿನ ನಡುವೆಯೇ. ಎರಡೂ ಒಂದೇ ಉಸಿರಿನಲ್ಲಿ ಸಾಧ್ಯವೆಂದು ಅವತ್ತು ಕಂಡೆ.

ಡಾಕ್ಟ್ರು ನಿವೃತ್ತರಾಗಿ ಮುಂಬೈಗೆ ಹೋದರು. ಇದನ್ನು ಬರೆಯುತ್ತಿರುವಾಗಲೇ ಆ ಗಡಿಯಲ್ಲಿ ಕದನವಿರಾಮದ ಮಾತುಕತೆ ನಡೆದಿದೆ ಎಂಬ ಸುದ್ದಿ ಬಂತು. ಅದು ಮುರಿದುಬೀಳಬಹುದಾದ ದಾರಿಗಳನ್ನೆಲ್ಲ ನನ್ನ ತಲೆ ಆಗಲೇ ಹುಡುಕತೊಡಗಿತ್ತು. ಓಡಿಹೋಗಿ ಹೇಳೋಣವೆಂದರೆ ಎದುರು ಮನೆಯಲ್ಲಿ ಅವರಿಲ್ಲ. ಆಚೆಯ ಅಜ್ಜಿಗೂ ಈಚೆಯ ಅಜ್ಜಿಗೂ ಈ ರಾತ್ರಿ ನಿದ್ದೆ ಬರಲಿ ಎಂದು, ಯಾವ ದೇವರನ್ನು ಎಂದು ಯೋಚಿಸದೆ ಬೇಡಿಕೊಂಡೆ. ಹೆಂಡತಿ ಊಟಕ್ಕೆ ಕರೆದಳು. ಅನ್ನ ರುಚಿಸಿತು.