ತನ್ಮಯನ ನೀಲಿ ವಹಿ

ಮಂದಾಕಿನಿಯ ಬಾಯಿ ಜೋರು. ಗಂಡ ಪ್ರಭಾಕರನನ್ನು ಬ್ಯಾಂಕಿನವರು ನಾಸಿಕ್‌ಗೆ ವರ್ಗ ಮಾಡಿದಾಗ ಧಾರವಾಡದಿಂದ ಬಂದ ಸಾಮಾನಿನಲ್ಲಿ ಮುಕ್ಕಾಗದೆ ಉಳಿದದ್ದು ಅದೊಂದೇ ಎಂದು ಅವನು ನಗುತ್ತಿದ್ದ. ಇಪ್ಪತ್ತಮೂರು ವರ್ಷವಾದರೂ ಅವಳು ಸಂತೆಯಲ್ಲಿ ಈರುಳ್ಳಿಯವನನ್ನು ಕನ್ನಡದಲ್ಲೇ ಗದರಿ, ಮರಾಠಿಯಲ್ಲಿ ಬೈಸಿಕೊಂಡು, ಬೇಕಾದ ಗಡ್ಡೆಗಳನ್ನೇ ಆರಿಸಿಕೊಂಡು ಬರುತ್ತಿದ್ದಳು.

ಅಂಥವಳಿಗೆ ಮಣಿಯದವನು ಮಗ ತನ್ಮಯ ಒಬ್ಬನೇ. ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವನ ಉತ್ತರ ಮರಾಠಿ. ತಬಲಾ ಮುಂದೆ ಕೂತವನನ್ನು “ತನ್ಮಯಾ, ಊಟಕ್ಕ ಬಾರೋ” ಎಂದು ಮೂರು ಸಲ ಕೂಗಿದರೆ “ಆಲೋ, ಆಯಿ” ಎನ್ನುವನು. “‘ಬಂದೆ ಅವ್ವಾ’ ಅಂದರ ನಿನ್ನ ನಾಲಿಗಿ ಸವೀತದೇನೋ?” ಎಂದು ಅವಳು ರೇಗುವಳು. ಅವನು ನಗುತ್ತ ತಾಟಿನ ಮುಂದೆ ಕೂರುವನು.

ತಬಲಾ ಕಲಿಯಲು ಛತ್ರಪತಿ ಸಂಭಾಜಿನಗರಕ್ಕೆ ಹೋದವನು ಅಲ್ಲೇ ಗಾಯಕರಿಗೆ ಸಾಥ್ ಕೊಡುತ್ತ ಉಳಿದ. ಕಳೆದ ಮಳೆಗಾಲ ಡೆಂಗಿ ಜ್ವರ ಬಂತು. ಎಂಟೇ ದಿನ. ಇಪ್ಪತ್ನಾಲ್ಕರ ಮಗ ಹೋಗಿಬಿಟ್ಟ.

ಅವನ ಪೆಟ್ಟಿಗೆಯಲ್ಲಿ ಕೈಬರಹದ ಒಂದು ನೀಲಿ ವಹಿ ಇತ್ತು. ನಾಗರಿ ಅಕ್ಷರ ಕಂಡದ್ದೇ ಮಂದಾಕಿನಿ ಮುಚ್ಚಿಬಿಟ್ಟಳು. ಪ್ರಭಾಕರನಿಗಂತೂ ಅದನ್ನು ಮುಟ್ಟುವ ಧೈರ್ಯವಿರಲಿಲ್ಲ. ಬದುಕಿದ್ದಾಗ ಮರಾಠಿ, ಹೋದ ಮೇಲೂ ಮರಾಠಿ. ತನಗೆಂದು ಮಗ ಏನೂ ಉಳಿಸಿಲ್ಲವೆಂದು ಅವಳ ಹೊಟ್ಟೆ ಉರಿಯಿತು. ಅವನ ಜತೆ ಹಾಡುತ್ತಿದ್ದ ಪ್ರಾಚಿ, ಕವಿತೆಗಳಿರಬೇಕು, ಗೆಳೆಯರೆಲ್ಲ ಸೇರಿ ಅಚ್ಚು ಹಾಕಿಸುತ್ತೇವೆ ಎಂದಳು. ಒಯ್ಯಿ, ನಿಮ್ಮ ಭಾಷೆಯದು ನೀವೇ ಓದಿಕೊಳ್ಳಿ ಎಂದು ಮಂದಾಕಿನಿ ತನ್ನ ಹರಕು ಮರಾಠಿಯಲ್ಲಿ ಹೇಳಿ ಕೊಟ್ಟುಬಿಟ್ಟಳು.

ತಿಂಗಳ ಮೇಲೆ ಪ್ರಾಚಿ ಬಸ್ಸು ಹಿಡಿದು ಮತ್ತೆ ಬಂದಳು. “ಕಾಕೂ, ಮೂರು ಜನ ಕೂತು ನೋಡಿದೆವು. ಅಕ್ಷರ ನಮ್ಮದು, ಮಾತು ನಮ್ಮದಲ್ಲ,” ಎಂದು ಮರಾಠಿಯಲ್ಲಿ ಹೇಳಿ, ಒಂದು ಪುಟ ತೆರೆದು ಎಡವುತ್ತ ಓದಿದಳು:

“ಬಾಯಾಗ ಓಣಿಯ ಮಾತು,
ಹಸಿದಾಗ ಮಾತ್ರ ಅವ್ವನ ಮಾತು.”

ಮೆಂತ್ಯದ ಸೊಪ್ಪು ಸೋಸುತ್ತಿದ್ದ ಮಂದಾಕಿನಿಯ ಕೈ ನಿಂತಿತು. ಕನ್ನಡ ಅಕ್ಷರ ಬರೆಯುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ; ಕನ್ನಡದ ಮಾತನ್ನೇ ನಾಗರಿಯಲ್ಲಿ ಬರೆದಿಟ್ಟಿದ್ದ. ಬೈಯಲು ಪುರುಸೊತ್ತಿದ್ದ ತನಗೆ ನಾಲ್ಕಕ್ಷರ ತಿದ್ದಿಸಲು ಪುರುಸೊತ್ತಾಗಲಿಲ್ಲವಲ್ಲ ಎಂದು ನಾಚಿಕೆಯಾಯಿತು, ಅಳು ಬಂತು. ಅತ್ತು ಮುಗಿಸಿ ವಹಿ ಇಸಿದುಕೊಂಡಳು. ಶಾಲೆಯಲ್ಲಿ ಕಲಿತ ಹಿಂದಿಯ ನೆನಪಿನಲ್ಲಿ ಅಕ್ಷರ ಕೂಡಿಸಿ ಓದಿ, ಹದಿನೈದು ದಿನ ಕನ್ನಡದಲ್ಲಿ ಬರೆದಳು. ಪುಸ್ತಕದ ಎಡಪುಟಕ್ಕೆ ಮಗನ ನಾಗರಿ, ಬಲಪುಟಕ್ಕೆ ಅವಳ ಕನ್ನಡ ಎಂದಾಯಿತು.

ಸಂಭಾಜಿನಗರದ ಸಣ್ಣದೊಂದು ಸಭಾಂಗಣದಲ್ಲಿ ಬಿಡುಗಡೆ. ಕೂತವರೆಲ್ಲ ಮರಾಠಿಯವರೇ. ಕೊನೆಯ ಕವಿತೆ ಓದಲು ಅವಳನ್ನು ಎಬ್ಬಿಸಿದರು. ಅದರಲ್ಲಿದ್ದದ್ದು ಎರಡೇ ಸಾಲು, ಅವಳ ಕೂಗು ಮತ್ತು ಅವನ ಉತ್ತರ.

“ತನ್ಮಯಾ, ಊಟಕ್ಕ ಬಾರೋ” ಎಂದು ಓದಿ ಅವಳು ತಡೆದಳು. ಮನೆಯಲ್ಲಿ ಕೂಗಿ ಕಾಯುತ್ತಿದ್ದಷ್ಟೇ ಹೊತ್ತು ಕಾದಳು. ಮಗ ಬರೆದಿಟ್ಟ ಮುಂದಿನ ಸಾಲನ್ನೂ ಅವಳೇ ಓದಬೇಕಿತ್ತು.

“ಬಂದೆ ಅವ್ವಾ,” ಎಂದಳು.