ಸೆರೆಮನೆಯ ಯಜಮಾನನ ಮನೆಮಂದಿ

ದೆಹಲಿಗೆ ಬಂದ ಹೊಸದರಲ್ಲಿ ನನಗೆ ಕನ್ನಡ ಕೇಳಿಸುತ್ತಿದ್ದದ್ದು ಭಾನುವಾರ ಸಂಜೆ ಮಾತ್ರ. ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಗದಗಿನ ಕಡೆಯ ಹಿರಿಯರೊಬ್ಬರಿದ್ದರು. ಅವರ ಮನೆಯಲ್ಲಿ ನಾವು ಕೆಲವು ಪ್ರಾಟೆಸ್ಟೆಂಟರು ಸೇರಿ, ಕನ್ನಡದಲ್ಲಿ ಹಾಡಿ, ಸತ್ಯವೇದದ, ಅಂದರೆ ಬೈಬಲಿನ, ಒಂದು ಅಧ್ಯಾಯ ಓದಿ, ಒಗ್ಗರಣೆ ಅವಲಕ್ಕಿ ತಿಂದು ಹೊರಡುತ್ತಿದ್ದೆವು. ನಾನು ನೋಯ್ಡಾದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತ ಮಯೂರ್ ವಿಹಾರ್‌ನಲ್ಲಿ ಒಬ್ಬಳೇ ಇದ್ದೆ. ವಾರವಿಡೀ ಗಂಟಲಲ್ಲೇ ಉಳಿದ ಮಾತೆಲ್ಲ ಅಲ್ಲಿ ಹೊರಬರುತ್ತಿತ್ತು.

ಅಲ್ಲಿಯೇ ನನಗೊಬ್ಬ ಗೆಳತಿ ಸಿಕ್ಕಳು. ಧಾರವಾಡದವಳು, ವಸಂತ್ ಕುಂಜ್‌ನಲ್ಲಿದ್ದುಕೊಂಡು ಪಿಎಚ್.ಡಿ. ಮಾಡುತ್ತಿದ್ದಳು. ಯಾವುದನ್ನೂ ಅರ್ಧ ಓದಿ ಬಿಡುವವಳಲ್ಲ. ನಾವಿಬ್ಬರೂ ಕೂಸಾಗಿದ್ದಾಗಲೇ ಊರಿನ ಚರ್ಚಿನ ಸಭೆಯಲ್ಲಿ ದೀಕ್ಷಾಸ್ನಾನವಾದವರು, ಅಂದರೆ ಪಾದ್ರಿಗಳಿಂದ ಹಣೆಗೆ ನೀರು ಚಿಮುಕಿಸಿಕೊಂಡವರು. ಅದರ ಬಗ್ಗೆ ನಾನೆಂದೂ ಯೋಚಿಸಿರಲಿಲ್ಲ. ಅವಳು ಯೋಚಿಸಿದಳು.

ಒಂದು ಭಾನುವಾರ ಹಾಡು ಮುಗಿದ ಮೇಲೆ ಅವಳು ಹೇಳಿದಳು: "ನಾನು ಮುಳುಗಿ ದೀಕ್ಷಾಸ್ನಾನ ತಗೋಬೇಕು ಅಂತಿದ್ದೀನಿ. ಸತ್ಯವೇದದಲ್ಲಿ ಎಲ್ಲೆಲ್ಲೂ ಮೊದಲು ನಂಬಿಕೆ, ಆಮೇಲೆ ನೀರು. ಕೂಸು ಏನನ್ನ ನಂಬುತ್ತೆ?"

ಹಿರಿಯರು ಕನ್ನಡಕ ಹಾಕಿಕೊಂಡು ಪುಟ ತಿರುವಿದರು. "ಸೆರೆಮನೆಯ ಯಜಮಾನನ ಕಥೆ ಓದು. ಅವನು ನಂಬಿದ ರಾತ್ರಿಯೇ ಅವನ ಮನೆಮಂದಿಗೆಲ್ಲ ದೀಕ್ಷಾಸ್ನಾನ ಆಯ್ತು."

"ಅಲ್ಲಿ ಕೂಸುಗಳಿದ್ದವು ಅಂತ ಎಲ್ಲಿ ಬರೆದಿದೆ?"

"ಇರಲಿಲ್ಲ ಅಂತ ಎಲ್ಲಿ ಬರೆದೈತವ್ವಾ?"

ಯಾರೂ ದನಿ ಏರಿಸಲಿಲ್ಲ. ವೇದ ಸ್ಪಷ್ಟವಾಗಿದೆ ಎಂದು ಇಬ್ಬರೂ ಹೇಳಿದರು, ಇಬ್ಬರ ಬೆರಳೂ ಅದೇ ಸಾಲಿನ ಮೇಲಿತ್ತು. ಅವಲಕ್ಕಿ ಆರಿಹೋಯಿತು.

ಮರುದಿನ ಆಫೀಸಿನಲ್ಲಿ ಇದನ್ನು ಮಂಗಳೂರಿನ ಕ್ಯಾಥೊಲಿಕ್ ಸಹೋದ್ಯೋಗಿಯೊಬ್ಬಳಿಗೆ ಹೇಳಿದೆ. "ಅಚ್ಛಾ, ನಮ್ಮಲ್ಲಾದ್ರೆ ಕೊನೆಗೆ ಹೀಗೇ ಅಂತ ಹೇಳೋಕೆ ರೋಮ್‌ನಲ್ಲಿ ಒಬ್ಬರಿದ್ದಾರೆ. ನಿಮ್ಮಲ್ಲಿ ಯಾರು ಹೇಳ್ತಾರೆ?" ಎಂದಳು. ನಮ್ಮಲ್ಲಿ ಪುಸ್ತಕವೇ ಹೇಳುತ್ತದೆ ಎಂದೆ. ಚಿಕ್ಕಂದಿನಿಂದ ಅದು ನನ್ನ ಹೆಮ್ಮೆ. ನಡುವೆ ಯಾರೂ ಬೇಡ, ನೀನೇ ಓದು, ನಿನಗೇ ತಿಳಿಯುತ್ತದೆ ಎಂದು ಅಪ್ಪ ಕಲಿಸಿದ್ದರು. ಇಬ್ಬರಿಗೆ ಎರಡು ಥರ ತಿಳಿದರೆ ಏನು ಮಾಡಬೇಕೆಂದು ಅವರು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಗೆಳತಿ ಗುರುಗ್ರಾಮದ ಇನ್ನೊಂದು ಸಭೆಗೆ ಹೋಗತೊಡಗಿದಳು. ಅವಳ ದೀಕ್ಷಾಸ್ನಾನದ ದಿನ ನನ್ನನ್ನೂ ಕರೆದಳು, ಹೋದೆ. ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಮಕ್ಕಳು ಆಡುವ ಗಾಳಿ ತುಂಬಿದ ಕೊಳ, ಪಕ್ಕದಲ್ಲಿ ನೀರಿನ ಪೈಪು. ಬೋಧಕರು ಹಿಂದಿಯಲ್ಲಿ ಪ್ರಾರ್ಥಿಸಿ ಅವಳನ್ನು ಹಿಂದಕ್ಕೆ ಬಾಗಿಸಿ ಮುಳುಗಿಸಿದರು. ನಾನು ಟವೆಲ್ ಹಿಡಿದು ನಿಂತಿದ್ದೆ. ನೀರಿನಿಂದ ಎದ್ದ ಅವಳ ಮುಖದಲ್ಲಿ ಸುಳ್ಳಿರಲಿಲ್ಲ. ಆಮೇಲೆ ಬೋಧಕರು, ಕೂಸಿಗೆ ಮಾಡಿದ್ದು ಬರೀ ತಲೆ ತೋಯಿಸಿದಂತೆ ಎಂದರು. ಸುತ್ತಲಿದ್ದವರು ಆಮೆನ್ ಎಂದರು. ಅವಳೂ ಎಂದಳು. ನನ್ನತ್ತ ನೋಡಲಿಲ್ಲ.

ಮುಂದಿನ ಭಾನುವಾರ ಲೋಧಿ ಕಾಲೋನಿಗೆ ಹೋದಾಗ ಹಿರಿಯರಿಗೆ ಸುದ್ದಿ ತಲುಪಿತ್ತು. "ನೀನೂ ಹೋಗಿದ್ದಿಯಂತಲ್ಲ" ಎಂದಷ್ಟೇ ಹೇಳಿದರು. ಬಯ್ಯಲಿಲ್ಲ. ಆದರೆ ಅಂದಿನ ಅಧ್ಯಾಯ ಓದಲು ನನಗೆ ಕೊಡಲಿಲ್ಲ. ಬರಬರುತ್ತ ಜನ ಕಡಿಮೆಯಾದರು; ಕೆಲವರು ಗೆಳತಿಯ ಹಿಂದೆ ಹೋದರು, ಕೆಲವರು ಎಲ್ಲಿಗೂ ಹೋಗಲಿಲ್ಲ. ಹಿರಿಯರು ನಿವೃತ್ತರಾಗಿ ಗದಗಕ್ಕೆ ಮರಳಿದ ಮೇಲೆ ಆ ಸಂಜೆಗಳು ನಿಂತೇಹೋದವು.

ಈಗ ಭಾನುವಾರ ಬೆಳಿಗ್ಗೆ ಮೆಟ್ರೊ ಹಿಡಿದು ದೊಡ್ಡ ಹಳೆಯ ಇಂಗ್ಲಿಷ್ ಚರ್ಚೊಂದಕ್ಕೆ ಹೋಗುತ್ತೇನೆ. ಅಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಸಂಜೆ ಫ್ಲ್ಯಾಟಿನಲ್ಲಿ ಕೂತು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತೇನೆ. ಮನಸ್ಸಿನಲ್ಲೇ ಓದಿದರೆ ಆ ಭಾನುವಾರ ಕನ್ನಡವೇ ಕಿವಿಗೆ ಬೀಳುವುದಿಲ್ಲ. ಕೆಲವು ಸಾಲುಗಳಲ್ಲಿ ಗೆಳತಿ ಹೇಳಿದ್ದು ಸರಿ ಎನಿಸುತ್ತದೆ, ಕೆಲವು ಕಡೆ ಹಿರಿಯರು. ಅದನ್ನು ಹೇಳಲು ಎದುರಿಗೆ ಇಬ್ಬರೂ ಇಲ್ಲ.

ಅವಳು ಅಪರೂಪಕ್ಕೆ ಫೋನ್ ಮಾಡುತ್ತಾಳೆ. ಥೀಸಿಸ್, ಊರು, ಅಮ್ಮನ ಮಂಡಿನೋವು ಎಲ್ಲ ಮುಗಿದ ಮೇಲೆ ಕೇಳುತ್ತಾಳೆ: "ನೀನು ಯಾವಾಗ?"

"ಇನ್ನೂ ಓದ್ತಾ ಇದ್ದೀನಿ ಕಣೆ."

"ಚಲೋ, ಓದು" ಎನ್ನುತ್ತಾಳೆ. ಬೇಸರ ಮಾಡಿಕೊಂಡಳೋ ಇಲ್ಲವೋ ದನಿಯಲ್ಲಿ ಗೊತ್ತಾಗುವುದಿಲ್ಲ.